ನೂರಕ್ಕೆ ಏಳು ರೂಪಾಯಿ ಕೂಲಿ

ನಾನು ನಿವೃತ್ತಳಾದ ದಿನ ಗಜೇಂದ್ರಗಡದ ನಮ್ಮ ಬ್ಯಾಂಕ್ ಶಾಖೆಯಲ್ಲಿ ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಪರಿಶೀಲಿಸಿದ ಸಾಲಗಳಲ್ಲಿ ಒಂದೂ ಮುಳುಗಿಲ್ಲ ಎಂದು ಮ್ಯಾನೇಜರು ಹೊಗಳಿದರು. ಅದು ಹೆಚ್ಚುಕಡಿಮೆ ನಿಜ. ಮೈಕು ನನ್ನ ಕೈಗೆ ಬಂದಾಗ ನರಗುಂದದ ಗಂಗವ್ವನ ಹೆಸರು ಬಾಯಿಯವರೆಗೆ ಬಂತು. ಎದುರಿಗೆ ಹೊಸದಾಗಿ ಸೇರಿದ ನಾಲ್ಕು ಜನ ಅಧಿಕಾರಿಗಳು ಕುಳಿತಿದ್ದರು. ಹೇಳಬೇಕಾದದ್ದು ಅವರಿಗೇ. ಆದರೆ "ಎಲ್ಲರಿಗೂ ಧನ್ಯವಾದ" ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಅಂದು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳುತ್ತೇನೆ. ಒಂದು ಕಂಪನಿ ಸಾಲ ಕೇಳಿದಾಗ ತನ್ನ ಲೆಕ್ಕಪತ್ರ ಕೊಡುತ್ತದೆ. ಒಂದು ಹಾಳೆಯಲ್ಲಿ ಆಸ್ತಿ ಎಷ್ಟು, ಹೊಣೆ ಎಷ್ಟು. ಇನ್ನೊಂದರಲ್ಲಿ ವರ್ಷದ ಮಾರಾಟ ಎಷ್ಟು, ಖರ್ಚು ಎಷ್ಟು, ಲಾಭ ಎಷ್ಟು. ಆ ಅಂಕಿಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ ಅನುಪಾತ ತೆಗೆಯುವುದು, ಆ ಅನುಪಾತ ಏನು ಹೇಳುತ್ತಿದೆ ಎಂದು ಓದುವುದು, ಓದಿದ್ದನ್ನು ಮೇಲಿನವರಿಗೆ ಬರೆದು ಕಳಿಸುವುದು. ಭಾಗಾಕಾರ ಏಳನೇ ಇಯತ್ತೆಯ ಹುಡುಗಿಗೂ ಬರುತ್ತದೆ. ಓದುವುದನ್ನು ಕಲಿಯಲು ನನಗೆ ಇಡೀ ನೌಕರಿ ಹಿಡಿಯಿತು. ಕಲಿತದ್ದು ಬೇರೆಯವರ ಖರ್ಚಿನಲ್ಲಿ.

ನಾನು ಅಬ್ಬಿಗೇರಿಯವಳು. ಗುಮಾಸ್ತೆಯಾಗಿ ಸೇರಿ, ಪರೀಕ್ಷೆ ಬರೆದು ಅಧಿಕಾರಿಯಾಗಿ ಮೊದಲು ಹೋದದ್ದು ರೋಣದ ಶಾಖೆಗೆ. ಅಲ್ಲಿ ಮ್ಯಾನೇಜರಾಗಿದ್ದವರು ಜೋಶಿ ಸಾಹೇಬರು. ನೀಲಿ ಗೆರೆಯ ಅಗಲ ಹಾಳೆ, ಪೆನ್ಸಿಲ್ಲು, ರಬ್ಬರು ಇವಿಷ್ಟೇ ನಮ್ಮ ಸಾಮಾನು. ಅವರು ಕ್ಯಾಲ್ಕುಲೇಟರ್ ಮುಟ್ಟಲು ಬಿಡುತ್ತಿರಲಿಲ್ಲ. ಕೈಯಿಂದ ಭಾಗಿಸಿದರೆ ಅಂಕಿಯ ತೂಕ ಗೊತ್ತಾಗುತ್ತದೆ ಎನ್ನುತ್ತಿದ್ದರು.

ನನ್ನ ಕೈಗೆ ಬಂದ ಮೊದಲ ಫೈಲು ಒಂದು ಬೇಳೆ ಗಿರಣಿಯದು. ಮಾರ್ಚ್ ಮೂವತ್ತೊಂದಕ್ಕೆ ಅದರ ಗೋದಾಮಿನಲ್ಲಿ ಸುಮಾರು ಐದು ತಿಂಗಳು ಮಾರುವಷ್ಟು ಕಡಲೆ ಇತ್ತು. ಪುಸ್ತಕದ ಪ್ರಕಾರ ಅಷ್ಟು ದಾಸ್ತಾನು ಇದ್ದರೆ ಮಾಲು ಹೋಗುತ್ತಿಲ್ಲ ಎಂದರ್ಥ. ನಾನು ಹಾಗೇ ಬರೆದೆ. ಸಾಲದ ಮಿತಿ ಕಡಿಮೆ ಮಾಡಬೇಕೆಂದೂ ಸೇರಿಸಿದೆ.

ಜೋಶಿ ಸಾಹೇಬರು ಓದಿ ಕನ್ನಡಕ ತೆಗೆದರು.

"ನಿಮ್ಮ ಊರು ಯಾವುದವಾ?"

"ಅಬ್ಬಿಗೇರಿ ಸರ್."

"ಅಬ್ಬಿಗೇರ್ಯಾಗ ಕಡ್ಲಿ ಯಾವಾಗ ಕೀಳತಾರ?"

ನನ್ನ ತಪ್ಪು ನನಗೆ ಆಗಲೇ ಹೊಳೆಯಿತು. ಎರೆಹೊಲದ ಮನೆಯ ಹುಡುಗಿ ನಾನು. ಕಡಲೆ ರಾಶಿ ಆಗುವುದು ಫೆಬ್ರವರಿ ಹೊತ್ತಿಗೆ. ಮಾರ್ಚಿನಲ್ಲಿ ಬೇಳೆ ಗಿರಣಿಯವರು ಮುಂದಿನ ಎಷ್ಟೋ ತಿಂಗಳಿಗಾಗುವಷ್ಟು ಕೊಂಡು ತುಂಬಿಕೊಳ್ಳಲೇಬೇಕು.

"ಮಾರ್ಚ್ ಮೂವತ್ತೊಂದು ಸರಕಾರದ ವರ್ಷ ಅದ. ಕಡ್ಲಿಗೆ ಅದು ಗೊತ್ತಿಲ್ಲ" ಎಂದರು. "ಇನ್ನೊಂದು ಮಾತು ನೆನಪಿಡ್ರಿ. ಮ್ಯಾಲಿನ ಅಂಕಿ, ಕೆಳಗಿನ ಅಂಕಿ ಎರಡೂ ಒಂದ ಮನಿಯವು ಹೌದೋ ಅಲ್ಲೋ ಅಂತ ನೋಡಿ ಆಮ್ಯಾಲೆ ಭಾಗಿಸ್ರಿ."

ಅವರು ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಆ ತಪ್ಪಿನಿಂದ ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಮೇಲೆ ಅವರಿದ್ದರು. ಅದೆಷ್ಟು ದೊಡ್ಡ ಭಾಗ್ಯ ಎಂದು ನನಗೆ ಆಗ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ನನ್ನನ್ನು ನರಗುಂದಕ್ಕೆ ಹಾಕಿದರು. ಅಷ್ಟರಲ್ಲಿ ಜೋಶಿ ಸಾಹೇಬರು ನಿವೃತ್ತರಾಗಿದ್ದರು, ನೀಲಿ ಗೆರೆಯ ಹಾಳೆ ಹೋಗಿ ಕಂಪ್ಯೂಟರ್ ಬಂದಿತ್ತು. ಅಂಕಿ ತುಂಬಿದರೆ ಸಾಕು, ಇಪ್ಪತ್ತು ಅನುಪಾತಗಳು ಒಮ್ಮೆಲೇ ಮೂಡುತ್ತಿದ್ದವು. ಸರಿಯಿದ್ದದ್ದು ಹಸಿರು, ತಪ್ಪಿದ್ದು ಕೆಂಪು. ನನಗೆ ಅದು ಬಹಳ ಹಿಡಿಸಿತು. ಬಂದ ವರ್ಷವೇ ಒಬ್ಬ ಗೊಬ್ಬರದ ವ್ಯಾಪಾರಿಯ ಕಳ್ಳಾಟವನ್ನೂ ಹಿಡಿದಿದ್ದೆ. ಗಿರಾಕಿಗಳಿಂದ ಹಣ ಬರಲು ಹಿಡಿಯುವ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಕೆದಕಿ ನೋಡಿದರೆ ಬಾಕಿಯಲ್ಲಿ ಮುಕ್ಕಾಲು ಪಾಲು ಅವನ ಅಳಿಯನೊಬ್ಬನದೇ! ವಲಯ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು. ನನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂಬ ಹಮ್ಮು ಬಂದದ್ದು ಆಗಲೇ.

ಅದೇ ಹಮ್ಮಿನಲ್ಲಿರುವಾಗ ವೀರಭದ್ರಪ್ಪನವರ ಫೈಲು ಬಂತು. ಅವರದು ಜಿನ್ನಿಂಗ್ ಗಿರಣಿ. ಹತ್ತಿಯಿಂದ ಕಾಳು ಬಿಡಿಸಿ ಅರಳೆ ಮಾಡಿ ಮಾರುವ ಸಣ್ಣ ಕಂಪನಿ. ಅಪ್ಪನ ಕಾಲದಿಂದ ನಡೆಸಿಕೊಂಡು ಬಂದಿದ್ದರು. ಸಾಲದ ಮಿತಿ ಸ್ವಲ್ಪ ಹೆಚ್ಚಿಸಿರೆಂದು ಕೇಳಿದ್ದರು. ಚಾಲ್ತಿ ಅನುಪಾತ, ಅಂದರೆ ವರ್ಷದೊಳಗೆ ಕೈಗೆ ಬರುವ ಹಣಕ್ಕೂ ಕೊಡಬೇಕಾದ ಹಣಕ್ಕೂ ಇರುವ ಲೆಕ್ಕ, ಹಸಿರು. ಸಾಲ ಮತ್ತು ಬಂಡವಾಳದ ಅನುಪಾತ ಹಸಿರು. ಪರದೆಯ ಮೇಲೆ ಒಂದೇ ಒಂದು ಮನೆ ಕೆಂಪಾಗಿ ಹೊಳೆಯುತ್ತಿತ್ತು: ಮಾರಾಟಕ್ಕೆ ಕೂಲಿಯ ಪ್ರಮಾಣ. ನೂರು ರೂಪಾಯಿ ಮಾರಾಟಕ್ಕೆ ಏಳು ರೂಪಾಯಿ ಕೂಲಿ. ಸುತ್ತಲಿನ ಗಿರಣಿಗಳಲ್ಲಿ ನಾಲ್ಕು.

ಪರಿಶೀಲನೆಗೆಂದು ಗಿರಣಿಗೆ ಹೋದೆ. ದೊಡ್ಡ ತಗಡಿನ ಚಾವಣಿಯ ಕೆಳಗೆ ಹೆಂಗಸರು ಸಾಲಾಗಿ ಕುಳಿತು ಹತ್ತಿಯೊಳಗಿನ ಎಲೆ, ಕಸ, ಕಂದಿದ ತೊಳೆ ಆರಿಸಿ ತೆಗೆಯುತ್ತಿದ್ದರು. ಅವರ ಮುಂದಾಳು ಗಂಗವ್ವ. ನಲವತ್ತರ ಆಸುಪಾಸಿನ ಹೆಂಗಸು, ಗಂಡ ಇರಲಿಲ್ಲ, ಕಾಲೇಜು ಓದುವ ಒಬ್ಬಳೇ ಮಗಳು. ನಾನು ಹೊರಡುವಾಗ ನನ್ನ ಬೆನ್ನಹಿಂದೆ ಬಂದು ನಿಂತಳು.

"ತಡೀರಿ ಅಕ್ಕಾರ, ಸೀರಿಗೆಲ್ಲಾ ಅರಳಿ ಮೆತ್ಕೊಂಡೈತಿ. ಬ್ಯಾಂಕಿನ್ಯಾಗ ಮಂದಿ ನಗತಾರ."

ಬಗ್ಗಿ, ಸೆರಗಿನಿಂದ ಅಂಚಿನವರೆಗೆ ಒಂದೊಂದೇ ಎಳೆಯನ್ನು ಬಿಡಿಸಿ ತೆಗೆದಳು. ಅವಳ ಬೆರಳು ಬಟ್ಟೆಗೆ ತಾಗಿದ್ದೇ ಗೊತ್ತಾಗಲಿಲ್ಲ.

"ಒಟ್ಟ ಎಷ್ಟ ಮಂದಿ ಅದೀರವಾ?" ಎಂದು ಕೇಳಿದೆ.

"ಮೂವತ್ತೊಂದ ಮಂದಿ ಅದೇವ್ರಿ" ಎಂದು ಹೆಮ್ಮೆಯಿಂದ ಹೇಳಿದಳು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಅಷ್ಟೇ ಗಾತ್ರದ ಬೇರೆ ಗಿರಣಿಯಲ್ಲಿ ಹದಿನೈದು, ಹದಿನಾರು ಜನ ಇರುತ್ತಿದ್ದರು.

ಶಾಖೆಗೆ ಬಂದು ಒಂದೂವರೆ ಸಾಲು ಬರೆದೆ: "ಕೂಲಿ ವೆಚ್ಚ ವಿಪರೀತವಾಗಿದೆ. ಅದನ್ನು ಇತರ ಗಿರಣಿಗಳ ಮಟ್ಟಕ್ಕೆ ಇಳಿಸುವ ಷರತ್ತಿನ ಮೇಲೆ ಮಿತಿ ಹೆಚ್ಚಿಸಬಹುದು." ಮೇಲಿನಿಂದ ಅದೇ ಷರತ್ತಿನೊಂದಿಗೆ ಮಂಜೂರಾತಿ ಬಂತು.

ವೀರಭದ್ರಪ್ಪನವರು ಮಂಜೂರಾತಿ ಪತ್ರ ಹಿಡಿದು ನನ್ನ ಮೇಜಿನ ಮುಂದೆ ಬಂದು ಕುಳಿತರು. ಮಾತು ಕಡಿಮೆಯ ಮನುಷ್ಯ.

"ಮೇಡಂ, ಈ ಕೂಲಿದೊಂದು ಷರತ್ತು ತಗದುಬಿಡ್ರಿ."

"ಯಾಕ್ರಿ?"

"ಆ ಹೆಣ್ಮಕ್ಕಳು ಹಸನ ಮಾಡಿ ಕೊಡತಾರಂತನ ನನ್ನ ಗಿರಣಿಗೆ ಮಂದಿ ಹತ್ತಿ ತರತಾರ್ರಿ. ಕೊಣ್ಣೂರಿಂದ ತರತಾರ, ಹೊಳಿ ಆಚಿಕಡಿಯಿಂದ್ಲೂ ತರತಾರ."

"ಎಲ್ಲಾ ಮಾಲಕರೂ ತಮ್ಮ ಮಂದೀನ ಹಿಂಗ ಹೊಗಳತಾರ್ರಿ" ಎಂದೆ. "ಅಂಕಿ ಬ್ಯಾರೆ ಹೇಳತೈತಿ."

ಅವರು ಪತ್ರವನ್ನು ಇನ್ನೊಮ್ಮೆ ಓದಿದರು. ಹಂಗಾಮು ಎದುರಿಗಿತ್ತು, ಅವರಿಗೆ ಹಣ ಬೇಕಿತ್ತು. ಸಹಿ ಮಾಡಿದರು. ವಾರದೊಳಗೆ ಹದಿನಾಲ್ಕು ಹೆಂಗಸರನ್ನು ಬಿಡಿಸಿದರು. ಯಾರನ್ನು ಬಿಡಿಸಬೇಕೆಂದು ಆರಿಸಲು ಅವರಿಗೆ ಮನಸ್ಸಾಗದೆ ಗಂಗವ್ವನಿಗೇ ಹೇಳಿದರಂತೆ. ಅವಳು ಸಣ್ಣ ಮಕ್ಕಳಿರುವವರನ್ನು ಉಳಿಸಿ, ಬಿಡಬೇಕಾದವರ ಪಟ್ಟಿಯಲ್ಲಿ ತನ್ನ ಹೆಸರನ್ನು ಮೊದಲು ಹೇಳಿದಳಂತೆ.

ಮರುದಿನ ಮಧ್ಯಾಹ್ನ ಗಂಗವ್ವ ಬ್ಯಾಂಕಿಗೆ ಬಂದಳು. ಕುಳಿತುಕೊಳ್ಳಲು ಹೇಳಿದರೂ ಕುಳಿತುಕೊಳ್ಳಲಿಲ್ಲ.

"ಅಕ್ಕಾರ, ಒಂದ ಮಾತ ಕೇಳಾಕ ಬಂದೇನ್ರಿ. ನಮ್ಮ ಕೂಲಿ ಭಾಳ ಆಗೈತಿ ಅಂತ ನೀವ ಬರದೀರಂತ. ಎಷ್ಟ ಆಗೈತ್ರಿ?"

"ನೂರು ರೂಪಾಯಿ ಮಾಲು ಮಾರಿದ್ರ ಏಳು ರೂಪಾಯಿ ಕೂಲಿಗೆ ಹೋಗತೈತಿ. ಬ್ಯಾರೆ ಕಡೆ ನಾಕ ಐತಿ" ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು.

"ಮೂವತ್ತೊಂದ ಮಂದಿಗೆ ಕೂಡಿ ಏಳೇನ್ರಿ?"

"ಹೂಂ."

"ಹಂಗಾರ ಉಳದ ತೊಂಬತ್ಮೂರು ಯಾರಿಗೆ ಹೊಕ್ಕಾವ್ರಿ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ಹತ್ತಿ ಕೊಳ್ಳಲು, ಕರೆಂಟಿಗೆ, ಸಾಗಾಟಕ್ಕೆ, ಬ್ಯಾಂಕಿನ ಬಡ್ಡಿಗೆ ಎಂದು ನಾನು ಒಂದೊಂದಾಗಿ ಹೇಳಿದೆ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. "ಬರತೇನ್ರಿ" ಎಂದು ಹೋದಳು. ನನ್ನ ಸೀರೆಯ ಅರಳೆ ಬಿಡಿಸಿದ ಅದೇ ಹೆಂಗಸು ಎಂಬುದು ಅವಳು ಬಾಗಿಲು ದಾಟಿದ ಮೇಲೆ ನನಗೆ ಹೊಳೆಯಿತು. ಆಗಲೂ ಪಾಪ ಅನಿಸಿತೇ ಹೊರತು ನನ್ನ ಲೆಕ್ಕದ ಮೇಲೆ ಅನುಮಾನ ಬರಲಿಲ್ಲ.

ಮುಂದಿನ ವರ್ಷದ ಲೆಕ್ಕಪತ್ರ ಬಂದಾಗ ಕೂಲಿಯ ಮನೆ ಹಸಿರಾಗಿತ್ತು. ನೂರಕ್ಕೆ ನಾಲ್ಕಕ್ಕೆ ಇಳಿದಿತ್ತು. ಒಂದು ಕ್ಷಣ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನೋಡಿದರೆ ಲಾಭವೂ ಇಳಿದಿತ್ತು. ಮಾರಾಟ ಅಷ್ಟೇ ಇದೆ, ಕೂಲಿ ಕಡಿಮೆಯಾಗಿದೆ, ಲಾಭ ಹೆಚ್ಚಬೇಕಿತ್ತು. ಕಾರಣ ಹುಡುಕುತ್ತಾ ಹೋದಾಗ "ಇತರೆ ಆದಾಯ" ಎಂಬ ಒಂದು ಸಾಲು ಕಣ್ಣಿಗೆ ಬಿತ್ತು. ಹಿಂದಿನ ವರ್ಷ ಅಲ್ಲಿ ದೊಡ್ಡ ಮೊತ್ತವಿತ್ತು. ಈ ವರ್ಷ ಬಹುತೇಕ ಏನೂ ಇರಲಿಲ್ಲ.

ಹಿಂದಿನ ವರ್ಷದ ಪುಸ್ತಕ ತರಿಸಿ, ಕೊನೆಯ ಪುಟದ ಟಿಪ್ಪಣಿಗಳನ್ನು ಮೊದಲ ಸಲ ಓದಿದೆ. ಗಿರಣಿ ಆ ವರ್ಷ ಜಿನ್ ಮಾಡಿದ ಹತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಸ್ವಂತದ್ದಲ್ಲ. ಹೊರಗಿನವರು ತಂದ ಹತ್ತಿಯನ್ನು ಕಾಳು ಬಿಡಿಸಿ ಕೊಟ್ಟು, ಅದಕ್ಕೆ ದರ ತೆಗೆದುಕೊಳ್ಳುತ್ತಿದ್ದರು. ಆ ಹಣವೇ "ಇತರೆ ಆದಾಯ". ಹೆಂಗಸರ ಕೂಲಿ ಎರಡೂ ಹತ್ತಿಗೆ ಸೇರಿದ್ದು. ನಾನು ಭಾಗಿಸಿದ ಮಾರಾಟ ಮಾತ್ರ ಸ್ವಂತ ಹತ್ತಿಯದು. ಮೇಲಿನ ಅಂಕಿ ಒಂದು ಮನೆಯದು, ಕೆಳಗಿನದು ಇನ್ನೊಂದರದು. ಜೋಶಿ ಸಾಹೇಬರು ಕೈಹಿಡಿದು ಕಲಿಸಿದ್ದನ್ನೇ ನಾನು ಮರೆತಿದ್ದೆ.

ಪೆನ್ಸಿಲ್ಲು ತೆಗೆದುಕೊಂಡು ಕೈಯಿಂದ ಲೆಕ್ಕ ಹಾಕಿದೆ. ಒಂದು ಕ್ವಿಂಟಲ್ ಹತ್ತಿ ಹಸನು ಮಾಡಲು ಎಷ್ಟು ಕೂಲಿ ಎಂದು ಎಲ್ಲ ಗಿರಣಿಗಳಿಗೂ ತೆಗೆದೆ. ವೀರಭದ್ರಪ್ಪನವರ ಗಿರಣಿಯದು ಎಲ್ಲಕ್ಕಿಂತ ಕಡಿಮೆ. ಮತ್ತೊಮ್ಮೆ ಭಾಗಿಸಿದೆ. ಅದೇ ಉತ್ತರ. ಗಂಗವ್ವ ಮತ್ತು ಅವಳ ಜೊತೆಯವರು ಬೇರೆಯವರಿಗಿಂತ ಹೆಚ್ಚು ಕೆಲಸ ಮಾಡಿ, ಕಡಿಮೆ ಕೂಲಿ ತೆಗೆದುಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಜನ ಹೋದ ಮೇಲೆ ಹತ್ತಿ ಹಸನಾಗಲಿಲ್ಲ. ಹೊರಗಿನವರು ತಮ್ಮ ಗಾಡಿಗಳನ್ನು ಬೇರೆ ಗಿರಣಿಗೆ ತಿರುಗಿಸಿದರು. "ಮಂದಿ ಹತ್ತಿ ತರತಾರ್ರಿ" ಎಂದು ಆ ಮನುಷ್ಯ ನನ್ನೆದುರು ಕುಳಿತು ಹೇಳಿದ್ದು ಇದನ್ನೇ.

ಶಾಖೆಯ ಮ್ಯಾನೇಜರಿಗೆ ಎಲ್ಲವನ್ನೂ ತೋರಿಸಿದೆ. ಅವರು ಕೆಟ್ಟವರಲ್ಲ, ಅವಸರದವರು.

"ಸಾಲದ ಖಾತೆ ಚಲೋ ನಡದೈತಿ. ಎಲ್ಲಾ ಹಸಿರ ಐತಿ. ಈಗ್ಯಾಕ ಕೆದಕತೀರಿ?" ಎಂದರು. "ನೀವ ಮಾಡಿದ್ದ ತಪ್ಪಂತ ನೀವ ಬರದ ಕೊಟ್ರ ನಿಮ್ಮ ಬಡ್ತಿ ಏನಾಗಬೇಕು?"

ನಾನು ಬರೆದು ಕೊಡಲಿಲ್ಲ. ಹೊಸ ಮಂಜೂರಾತಿಯಲ್ಲಿ ಆ ಷರತ್ತನ್ನು ಸದ್ದಿಲ್ಲದೆ ಕೈಬಿಟ್ಟೆ, ಅಷ್ಟೇ. ಬಡ್ತಿ ಬಂತು. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ವೀರಭದ್ರಪ್ಪನವರ ಬಳಿ ಹೋಗಿ ಮಾತ್ರ ಹೇಳಿದೆ. ಅವರು ಗಿರಣಿಯ ಅಂಗಳ ನೋಡುತ್ತಾ ಕೇಳಿಸಿಕೊಂಡರು.

"ನನಗ ಗೊತ್ತಿತ್ರಿ. ನಿಮ್ಮ ಭಾಷಾದಾಗ ಹೇಳಾಕ ಬರಲಿಲ್ಲ" ಎಂದರು. "ಕರೀತೇನ್ರಿ ಎಲ್ಲಾರ್ನೂ. ಬಂದಷ್ಟ ಮಂದಿ ಬರಲಿ."

ಎಂಟು ಜನ ವಾಪಸು ಬಂದರು. ಗಂಗವ್ವ ಬರಲಿಲ್ಲ. ನಾನೇ ಅವಳ ಓಣಿ ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯಲ್ಲಿದ್ದ ಅವಳ ನಾದಿನಿ ರೊಟ್ಟಿ ಬಡಿಯುತ್ತಾ, ತಲೆಯೆತ್ತದೆ ಹೇಳಿದಳು.

"ಗೋವಾ ಕಡೆ ಮನಿ ಕಟ್ಟೋ ಗೌಂಡಿ ಕೆಲಸಕ್ಕ ಮಂದಿ ಹೊಂಟಿದ್ರು, ಅವರ ಕೂಡ ಹ್ವಾದ್ಲು. ಅಲ್ಲಿ ಮಳಿ ಭಾಳ. ಮೂರ ದಿನ ಜ್ವರ ಬಂದ ಮಲಗಿದ್ಲಂತ. ಕೂಲಿ ತಪ್ಪತೈತಂತ ನಾಕನೇ ದಿನ ಎದ್ದ ಕೆಲಸಕ್ಕ ಹ್ವಾದ್ಲಂತ. ಅಲ್ಲೇ ಬಿದ್ಲು. ದವಾಖಾನಿಗೆ ಒಯ್ಯೋದ್ರಾಗ ಮುಗದಿತ್ತು. ಇಲ್ಲಿಗಿ ತರಲಿಲ್ರಿ, ಅಲ್ಲೇ ಮಣ್ಣ ಮಾಡಿ ಬಂದ್ರು."

"ಮಗಳು?"

"ರೇಣುಕಾನ ಅವರ ಮಾಂವ ಗಜೇಂದ್ರಗಡಕ್ಕ ಕರಕೊಂಡ ಹ್ವಾದ. ಕಾಲೇಜ ಬಿಟ್ಲು. ಮಗ್ಗದ ಕೆಲಸ ಕಲ್ಯಾಕತ್ಯಾಳಂತ."

ಗಂಗವ್ವ ಸತ್ತದ್ದು ಜ್ವರದಿಂದ, ನನ್ನಿಂದಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ, ಅವಳು ಅಲ್ಲಿಗೆ ಹೋಗುವಂತೆ ಮಾಡಿದ ಆ ಒಂದೂವರೆ ಸಾಲು ಕಣ್ಣ ಮುಂದೆ ಬರುತ್ತದೆ.

ಮುಂದೆ ಬೇರೆ ಬೇರೆ ಕಡೆ ತಿರುಗಿದೆ. ಒಂದು ಅಭ್ಯಾಸ ಮಾತ್ರ ಅಲ್ಲಿಂದ ಬಂತು. ಯಾವ ಕಂಪನಿಯ ಪುಸ್ತಕ ಬಂದರೂ ಕೊನೆಯ ಪುಟದ ಟಿಪ್ಪಣಿಯಿಂದ ಓದುತ್ತಿದ್ದೆ. ಮಾಲಕ ಏನಾದರೂ ಹೇಳಿದರೆ, ಅದು ಎಷ್ಟೇ ಒರಟು ಮಾತಾಗಿರಲಿ, ಅವನು ಯಾವ ಅಂಕಿಯ ಬಗ್ಗೆ ಹೇಳುತ್ತಿದ್ದಾನೆ ಎಂದು ಹುಡುಕುತ್ತಿದ್ದೆ. ಕೂಲಿ ಕಡಿಮೆ ಮಾಡಿ ಎಂದು ಮತ್ತೆಂದೂ ಬರೆಯಲಿಲ್ಲ. ಬರೆಯಬೇಕಾದ ಕಡೆಯೂ ಬರೆಯದೆ ಒಮ್ಮೆ ಮೇಲಿನವರಿಂದ ಬೈಸಿಕೊಂಡೆ. ಅದೂ ತಪ್ಪೇ. ಹೆದರಿಕೆಯಿಂದ ಓದಿದ ಅನುಪಾತ, ಹಮ್ಮಿನಿಂದ ಓದಿದ ಅನುಪಾತದಷ್ಟೇ ಕುರುಡು.

ಕೊನೆಯ ಮೂರು ವರ್ಷ ನನ್ನನ್ನು ಗಜೇಂದ್ರಗಡಕ್ಕೇ ಹಾಕಿದರು. ಗಂಗವ್ವನ ಮಗಳು ಅದೇ ಊರಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ನೇಕಾರರ ಓಣಿ ಬ್ಯಾಂಕಿನಿಂದ ಹತ್ತು ನಿಮಿಷದ ದಾರಿ. ಮೂರು ವರ್ಷದಲ್ಲಿ ಒಂದು ದಿನವೂ ಆ ಕಡೆ ಹೆಜ್ಜೆ ಇಡಲಿಲ್ಲ. ಸಮಾರಂಭ ಮುಗಿದ ವಾರ, ಕುರ್ಚಿಯೂ ಇಲ್ಲ, ಬಡ್ತಿಯೂ ಇಲ್ಲ, ಇನ್ನು ಕಳೆದುಕೊಳ್ಳುವುದೇನೂ ಇಲ್ಲ ಎಂದಾದ ಮೇಲೆ ಹೋದೆ. ಇದನ್ನು ಧೈರ್ಯ ಎಂದು ಯಾರೂ ಕರೆಯಬಾರದು.

ರೇಣುಕಾಗೆ ಈಗ ಮೂವತ್ತು ದಾಟಿರಬಹುದು. ಮಗ್ಗದ ಮೇಲೆ ಕುಳಿತಿದ್ದಳು. ನಾನು ಯಾರೆಂದು ಹೇಳಿದೆ. ಮಗ್ಗ ನಿಲ್ಲಿಸಿದಳು, ಎದ್ದು ಬರಲಿಲ್ಲ. ನಾನು ಹೊಸ್ತಿಲ ಒಳಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಹೊರಗಿನವರ ಹತ್ತಿ, ತಪ್ಪು ಭಾಗಾಕಾರ, ಅವಳ ತಾಯಿಯ ಕೂಲಿ ಬೇರೆ ಎಲ್ಲ ಗಿರಣಿಗಳಿಗಿಂತ ಕಡಿಮೆ ಇದ್ದದ್ದು.

ಅವಳು ಪೂರ್ತಿ ಕೇಳಿದಳು.

"ಇದನ್ನ ಈಗ ನನಗ ಯಾಕ ಹೇಳತೀರಿ? ನಿಮ್ಮ ಮನಸ್ಸ ಹಗರ ಆಗಲಿ ಅಂತನಾ?"

"ಇರಬಹುದು" ಎಂದೆ.

ಮಗ್ಗದ ಮೇಲೆ ಕಡಿದಿದ್ದ ಒಂದು ಎಳೆಯನ್ನು ಗಂಟು ಹಾಕಿದಳು. ಆಮೇಲೆ ತುಸು ಗಡುಸಾಗಿ ಹೇಳಿದಳು:

"ಕೂಲಿ ಭಾಳ ತಗೊಂಡ ಗಿರಣಿ ಮುಳಗಸಾಕತ್ತಿದ್ರು ಅಂತ ನಮ್ಮ ಓಣ್ಯಾಗ ಮಂದಿ ಆಡಕೊಂಡ್ರು. ಬ್ಯಾಂಕಿನವ್ರ ಬರದಾರಂದ್ರ ಖರೇನ ಇರಬೇಕು ಅಂದ್ರು. ಅವ್ವ ಅದನ್ನ ಕೇಳಾಕಾಗದ ಊರ ಬಿಟ್ಲು. ಕೂಲಿ ನರಗುಂದದಾಗೂ ಸಿಗತಿತ್ತು. ನೀವ ಇದನ್ನ ಬಾಯಲೆ ಹೇಳಿದ್ರ ಏನ ಬಂತ್ರಿ? ಅದನ್ನೂ ಬರದ ಕೊಡ್ರಿ."

ಅವಳ ಸೋದರಮಾವನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟಳು. ನಾನು ಬರೆದೆ. ಗಿರಣಿ ಯಾವುದು, ವರ್ಷ ಯಾವುದು, ನಾನು ಯಾರು, ನನ್ನ ತಪ್ಪು ಏನು. ಕೊನೆಗೆ, ಗಂಗವ್ವ ಮತ್ತು ಅವಳ ಜೊತೆಯವರ ಕೂಲಿ ವಿಪರೀತವಾಗಿರಲಿಲ್ಲ ಎಂದು ಬರೆದು ಸಹಿ ಮಾಡಿದೆ.

ರೇಣುಕಾ ಅದನ್ನು ಎರಡು ಸಲ ಓದಿದಳು. ಬೆರಳನ್ನು ಕೊನೆಯ ಸಾಲಿನ ಮೇಲೆ ಇಟ್ಟಳು.

"'ವಿಪರೀತವಾಗಿರಲಿಲ್ಲ' ಅಂತ ಬರದೀರಿ. ಕಡಿಮಿ ಇತ್ತು ಅಂತ ಹೇಳಿದ್ರಲ್ರಿ?"

"ಹೌದವಾ. ಕಡಿಮಿ ಇತ್ತು."

"ಹಂಗಂತ ಬರೀರಿ."

ಹಾಳೆಯನ್ನು ನನ್ನ ಕಡೆ ಸರಿಸಿದಳು. ನಾನು ಆ ಸಾಲನ್ನು ಹೊಡೆದು ಹಾಕಿ, ಅದರ ಕೆಳಗೆ ಅವಳು ಹೇಳಿದಂತೆ ಬರೆದೆ.